ಬೆರಳಿಗೆ ಸಿಗದ ಹಕ್ಕಿ

ನೀನು ಕಳಿಸಿದ ಹೊಸ ಗಿಟಾರು ಬೋರ್ಡಿನ ಫೋಟೊ ನೋಡಿದೆ. ಬೀಟೆಯ ಎಳೆ ನೆಟ್ಟಗಿದೆ, ಗಂಟಿಲ್ಲ. ಒಳ್ಳೆ ಮರ ಸಿಕ್ಕಿದೆ ಕಣೋ. ಅದರ ಕೆಳಗೆ ‘ದೊಡ್ಡಪ್ಪ, ಈ ಸಲ ಗಂಡಭೇರುಂಡ ನಾನೇ ಕೂರಿಸ್ತೀನಿ, ನೀವು ಮುಟ್ಟಬೇಡಿ’ ಅಂತ ಬರೆದಿದ್ದೀಯ. ಮುಟ್ಟಲ್ಲಪ್ಪ. ಆದರೆ ಬಾಯಿ ಮುಚ್ಚಿಕೊಂಡಿರಿ ಅಂತ ನೀನು ಹೇಳಿಲ್ಲ. ಅದಕ್ಕೇ ಈ ಕಾಗದ.

ಹೋದ ದೀಪಾವಳಿಯ ಅವಾಂತರವನ್ನು ಮೊದಲು ಮಾತಾಡಿ ಮುಗಿಸಿಬಿಡೋಣ. ನೀನು ಚಪ್ಪಟೆ ಬೋರ್ಡು ತಂದು ನನ್ನ ಮುಂದಿಟ್ಟೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷ ಬೀಟೆ ಹಲಗೆಗೆ ಆನೆ, ಅಂಬಾರಿ, ತೆಂಗಿನ ತೋಪು ಕೂರಿಸಿದ ಕೈ ಇದು. ಅಂಗೈಯಗಲದ ಪಟ್ಟಿ ಯಾವ ಮಹಾ ಅಂದುಕೊಂಡೆ. 12ನೇ ಫ್ರೆಟ್ಟಿನ, ಅಂದರೆ ಮೆಟ್ಟಿನ, ಹಿಂದಿನ ಮನೆಯಲ್ಲಿ ಮೈಯೊಂದು ತುಂಡು, ರೆಕ್ಕೆ ಎರಡು ತುಂಡು, ಒಟ್ಟು 44 ಮಿಲಿಮೀಟರ್ ಅಗಲದ ಹಕ್ಕಿಯನ್ನು ಮುತ್ತಿನ ಚಿಪ್ಪಿನಲ್ಲಿ ಕೂರಿಸಿದೆ. ಕೂದಲೆಳೆಯಷ್ಟೂ ಸಂದಿರಲಿಲ್ಲ. ನಿನ್ನ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿದಳು, ಬೈಯಲು ಏನೂ ಸಿಗದೆ ಒಳಗೆ ಹೋದಳು. ನೀನು ಅದನ್ನು ಬೆಂಗಳೂರಿಗೆ ಒಯ್ದು, ಬೋರ್ಡಿನ ಮೇಲ್ಮೈಗೆ ಉಬ್ಬು ಕೊಡುತ್ತಾ ಉಜ್ಜಿದೆ. ಆ ರಾತ್ರಿ ಫೋನು. ‘ದೊಡ್ಡಪ್ಪ, ರೆಕ್ಕೆ ಹೋಯ್ತು.’

ತುದಿಗಳು ಗುಂಡಿಸಮೇತ ಮಾಯವಾಗಿದ್ದವು. ಅವುಗಳ ಪಕ್ಕದಲ್ಲಿ ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಕೆಳಗಿನ ಕಪ್ಪು ಅಂಟು ಬಾಸುಂಡೆಯ ಹಾಗೆ ಕಾಣುತ್ತಿತ್ತು. ನೀನು ನಿನ್ನನ್ನೇ ಬೈದುಕೊಂಡೆ. ತಪ್ಪು ನಿನ್ನದಲ್ಲ, ನನ್ನದು. ಜೀವಮಾನವೆಲ್ಲ ಚಪ್ಪಟೆ ಹಲಗೆಯ ಮೇಲೆ ಕೆಲಸ ಮಾಡಿದವನಿಗೆ ಉಬ್ಬಿನ ಲೆಕ್ಕ ಹೊಳೆಯಲೇ ಇಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ನೀನು ಕೊಟ್ಟ ಉಬ್ಬು ಹಳೆಯ ಫೆಂಡರ್ ಗಿಟಾರುಗಳದ್ದು, ಏಳೂಕಾಲು ಇಂಚು ತ್ರಿಜ್ಯದ ವೃತ್ತದ ಒಂದು ಚೂರು. ಮಿಲಿಮೀಟರಿನಲ್ಲಿ 184. ಹಕ್ಕಿಯ ಅರ್ಧ ಅಗಲ 22. ಅದರ ವರ್ಗ 484. ಅದನ್ನು 184ರ ಎರಡರಷ್ಟು, ಅಂದರೆ 368ರಿಂದ ಭಾಗಿಸು. ಬಂದದ್ದು 1.3. ನಡುಮಧ್ಯಕ್ಕೆ ಹೋಲಿಸಿದರೆ ರೆಕ್ಕೆಯ ತುದಿಯಲ್ಲಿ ಬೋರ್ಡು 1.3 ಮಿಲಿಮೀಟರ್ ಕೆಳಗಿಳಿಯುತ್ತದೆ. ನಾವು ಹಾಕಿದ ಚಿಪ್ಪಿನ ದಪ್ಪ ಎಷ್ಟು? ಅದೇ 1.3! ಕಂಬಳಿಯಲ್ಲಿ ಕೂತು ಕೂದಲು ಆರಿಸಿದ ಹಾಗೆ ನಾನು ಸಂದು ನೋಡುತ್ತಾ ಕೂತಿದ್ದೆ, ಹಕ್ಕಿಯೇ ಹಾರಿಹೋಗುವುದು ಕಾಣಲಿಲ್ಲ. ಗಿಬ್ಸನ್ ಥರದ 12 ಇಂಚಿನ ಉಬ್ಬಾಗಿದ್ದರೆ ತುದಿಯಲ್ಲಿ 0.8 ಮಾತ್ರ ಹೋಗಿ, ಅರ್ಧ ಮಿಲಿಮೀಟರ್ ಆದರೂ ಉಳಿಯುತ್ತಿತ್ತು.

ಹಾಗಂತ ಉಬ್ಬು ಬದಲಾಯಿಸಬೇಡ. ನಿನ್ನ ಕೈಗೆ ಅದು ಒಗ್ಗಿದೆ ಅಂದಿದ್ದೆಯಲ್ಲ. ಕೆಲಸದ ಸರದಿ ಬದಲಾಯಿಸು. ಮೊದಲು ಬೋರ್ಡಿಗೆ ಉಬ್ಬು ಕೊಡು, ಆಮೇಲೆ ಗುಂಡಿ ತೋಡು. ಹಕ್ಕಿ ಹೇಗೂ ಮೂರು ತುಂಡು. ಮೈ ನಡುವೆ ಮಲಗಲಿ, ಎರಡೂ ರೆಕ್ಕೆ ಬೋರ್ಡಿನ ಇಳಿಜಾರಿಗೆ ತಕ್ಕಂತೆ ಆಚೆ ಈಚೆ ವಾಲಿ ಕೂರಲಿ. ಒಂದೊಂದು ತುಂಡಿನ ಅಗಲ 15 ಮಿಲಿಮೀಟರ್ ಆದರೆ ಅದೇ ಲೆಕ್ಕದಲ್ಲಿ ಅಂಚಿಗೆ 0.15ರಷ್ಟೇ ವ್ಯತ್ಯಾಸ. ಚಿಪ್ಪಿಗೆ ಅದು ಏನೂ ಅಲ್ಲ. ಒಂದು ತೊಡಕಿದೆ. ಉಬ್ಬಿದ ಮೈಮೇಲೆ ಗುಂಡಿ ತೋಡುವ ನಿನ್ನ ಪುಟ್ಟ ರೌಟರ್ ಯಂತ್ರದ ಕಾಲು ತೊಟ್ಟಿಲಿನ ಹಾಗೆ ತೂಗುತ್ತದೆ, ಗುಂಡಿಯ ಆಳ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಅದಕ್ಕೆ ಗಡಿಯನ್ನು ಮಾತ್ರ ರೌಟರಿನಲ್ಲಿ ಕತ್ತರಿಸಿ, ತಳವನ್ನು ಚೂಪಾದ ಕಿರು ಉಳಿಯಲ್ಲಿ ನೀನೇ ಹೆರೆದು ಮಟ್ಟ ಮಾಡು. ಕೈಯ ಕೆಲಸ ನಿಧಾನ. ಆದರೆ ಉಳಿ ಒಂದೇ ಸಲಕ್ಕೆ ಎರಡು ಮಿಲಿಮೀಟರ್ ಕೆಳಗೆ ಇಳಿದುಬಿಡುವುದಿಲ್ಲ.

ನಮ್ಮ ಕೆಲಸಕ್ಕೂ ನಿನ್ನದಕ್ಕೂ ಇರುವ ಅಂತರ ನನಗೆ ಅರ್ಥವಾದದ್ದು ಆ ರೆಕ್ಕೆ ಹೋದಮೇಲೇ. ಅಂಬಾ ವಿಲಾಸದ ಬೀಟೆ ಬಾಗಿಲುಗಳನ್ನು ನಿನಗೆ ಚಿಕ್ಕಂದಿನಲ್ಲಿ ತೋರಿಸಿದ್ದೆ, ನೆನಪಿದೆಯಾ? 1897ರಲ್ಲಿ ಹಳೆ ಅರಮನೆ ಸುಟ್ಟುಹೋಗಿ, 1912ರ ಹೊತ್ತಿಗೆ ಎದ್ದುನಿಂತ ಅರಮನೆ ಅದು. ಆ ಬಾಗಿಲುಗಳಲ್ಲಿ ದಂತದ ಕುಸುರಿ. ಅದನ್ನು ಜನ ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ, ಮುಟ್ಟಲು ಬಿಡುವುದೂ ಇಲ್ಲ. ನಿನ್ನ ಹಲಗೆಯ ಪಾಡೇ ಬೇರೆ. ದಿನಕ್ಕೆ ಸಾವಿರ ಸಲ ಬೆರಳು ಅದರ ಮೇಲೆ ಜಾರುತ್ತದೆ, ಬೆವರು ಇಳಿಯುತ್ತದೆ, ತಂತಿ ಬಂದು ಒತ್ತುತ್ತದೆ. ಅಲ್ಲಿ ಚಿಪ್ಪಿನ ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಬೆರಳು ಎಡವುತ್ತದೆ. ನಿನ್ನ ಹಕ್ಕಿ ಕಣ್ಣಿಗೆ ಕಾಣಬೇಕು, ಬೆರಳಿಗೆ ಸಿಗಬಾರದು. ಮುಗಿಸಿದಮೇಲೆ ಕಣ್ಣು ಮುಚ್ಚಿ ಬೆರಳಾಡಿಸು. ಮರ ಎಲ್ಲಿ ಮುಗಿದು ಚಿಪ್ಪು ಎಲ್ಲಿ ಶುರುವಾಯಿತು ಅಂತ ಗೊತ್ತಾದರೆ ಇನ್ನೂ ಕೆಲಸ ಬಾಕಿ ಇದೆ ಅಂತ ತಿಳಿ.

ಇನ್ನೊಂದು ತಮಾಷೆ ಗಮನಿಸಿದ್ದೀಯಾ? ಎದುರಿಗೆ ಕಾಣುವ ಈ ಚಿತ್ತಾರವೆಲ್ಲ ಕೇಳುಗರಿಗೆ. ನುಡಿಸುವ ನಿನಗೆ ಮೇಲಿನಿಂದ ಕಾಣುವುದು ಬೋರ್ಡಿನ ಪಕ್ಕೆ ಮಾತ್ರ. ಅಲ್ಲಿ 3, 5, 7, 9, 12 ಅಂತ ಎರಡು ಮಿಲಿಮೀಟರಿನ ಚುಕ್ಕಿಗಳಿರುತ್ತವಲ್ಲ, ನಿನ್ನ ಕೈ ಹಿಡಿದು ನಡೆಸುವುದು ಅವು. ಹಕ್ಕಿಯ ಗುಂಗಿನಲ್ಲಿ ಅವನ್ನು ಮರೆಯಬೇಡ. ನಮ್ಮ ವೀಣೆಗೆ ಈ ಗುರುತಿನ ಉಸಾಬರಿಯೇ ಇಲ್ಲ. ಮೇಣದಲ್ಲಿ ಕೂತ 24 ಮೆಟ್ಟು, 12ನೆಯದರಲ್ಲಿ ಮೇಲಿನ ಷಡ್ಜ, ಮಿಕ್ಕಿದ್ದು ಬೆರಳಿನ ರೂಢಿ. ಗಿಟಾರಿನಲ್ಲೂ 12ನೆಯದು ತಂತಿಯ ನಟ್ಟನಡುವೆಯೇ ಬರುತ್ತದೆ. ದೊಡ್ಡ ಹಕ್ಕಿಯನ್ನು ಅಲ್ಲಿ ಕೂರಿಸಬೇಕೆಂಬ ನಿನ್ನ ಆಸೆ ಸರಿಯಾಗಿಯೇ ಇದೆ.

ಆದರೆ ಎಲ್ಲ ಗುರುತಿಗೂ ಅಷ್ಟೇ ಗಾತ್ರದ ಹಕ್ಕಿ ಅಂತ ಬರೆದಿದ್ದೀಯಲ್ಲ, ಅದು ಆಗದ ಮಾತು. ನಿನ್ನ ತಂತಿಯ ಉದ್ದ 648 ಮಿಲಿಮೀಟರ್. 2ನೇ ಫ್ರೆಟ್ಟಿನಿಂದ 3ನೆಯದಕ್ಕೆ 32 ಮಿಲಿಮೀಟರ್ ಜಾಗ. 11ರಿಂದ 12ಕ್ಕೆ 19. 20ರಿಂದ 21ಕ್ಕೆ ಹನ್ನೊಂದೂವರೆ. ಅದರಲ್ಲಿ ಫ್ರೆಟ್ಟಿನ ತಲೆ ತಿನ್ನುವ ಎರಡೂವರೆಯನ್ನೂ ಕಳೆ. 3ನೇ ಮನೆಯಲ್ಲಿ ರಾಜನ ಹಾಗೆ ಕೂತ ಹಕ್ಕಿ 21ನೇ ಮನೆಗೆ ಬರುವಾಗ ಗುಬ್ಬಚ್ಚಿ ಆಗಲೇಬೇಕು. ಪಾಲ್ ರೀಡ್ ಸ್ಮಿತ್ ಅನ್ನುವ ಅಮೆರಿಕದ ಗಿಟಾರು ತಯಾರಕನ ಹಕ್ಕಿಗಳು ನಿನಗೆ ಗೊತ್ತೇ ಇವೆ. ಒಂದೊಂದು ಮನೆಗೆ ಒಂದೊಂದು ಜಾತಿಯ ಹಕ್ಕಿ, ಎಲ್ಲವೂ ಪುಟ್ಟವು, ಸುತ್ತ ಮರಕ್ಕೆ ಉಸಿರಾಡಲು ಜಾಗ. ನನ್ನ ಕೇಳಿದರೆ 12ಕ್ಕೆ ಗಂಡಭೇರುಂಡ, ಮಿಕ್ಕ ಮನೆಗಳಿಗೆ ಒಂದೊಂದು ಮಲ್ಲಿಗೆ ಮೊಗ್ಗು ಸಾಕು. ಮೊಗ್ಗನ್ನು ಎಷ್ಟು ಕಿರಿದು ಮಾಡಿದರೂ ಮೊಗ್ಗೇ. ಎರಡು ತಲೆ ಹಕ್ಕಿಯನ್ನು ಬಲು ಕಿರಿದು ಮಾಡಿದರೆ ಜಿರಳೆಯ ಹಾಗೆ ಕಾಣುತ್ತದೆ. ಬರೆದು ಕತ್ತರಿಸಿ ನೋಡಿಯೇ ಹೇಳುತ್ತಿದ್ದೇನೆ.

ಚಿಪ್ಪಿನ ವಿಷಯ. ದಂತದ ಮಾತು ಎತ್ತಲೇಬೇಡ. ನಮ್ಮ ಕಾಲದಲ್ಲೇ ಅದು ನಿಂತುಹೋಯಿತು, ಒಳ್ಳೆಯದೇ ಆಯಿತು. ಆಮೇಲೆ ನಾವೆಲ್ಲ ಹಲಸು, ಸಂಪಿಗೆ ಅಂತ ಬಣ್ಣಬಣ್ಣದ ಮರಗಳನ್ನೂ ಬಿಳಿ ಪ್ಲಾಸ್ಟಿಕ್ಕನ್ನೂ ಹಿಡಿದೆವು. 2005ರಲ್ಲಿ ಮೈಸೂರಿನ ಬೀಟೆ ಇನ್‌ಲೇಗೆ ಭೌಗೋಳಿಕ ಗುರುತು ಸಿಕ್ಕಾಗ ನಾವು ಕೂರಿಸುತ್ತಿದ್ದದ್ದು ಇವನ್ನೇ. ಪ್ಲಾಸ್ಟಿಕ್ ಅಂದರೆ ಮೂಗು ಮುರಿಯಬೇಡ. ನೀನು ಕನಸಿನಲ್ಲೂ ಕನವರಿಸುವ ಲೆಸ್ ಪಾಲ್ ಗಿಟಾರಿನ ಆ ಹೆಸರಾಂತ ಓರೆ ಚೌಕಗಳು ಸೆಲ್ಯುಲಾಯ್ಡ್. ಮುತ್ತಿನ ಚಿಪ್ಪೇ ಬೇಕು ಅಂದರೆ ಕೊಳ್ಳುವ ಮುಂಚೆ ಯಾವ ಚಿಪ್ಪು ಅಂತ ವಿಚಾರಿಸು. ನಾಟಿಲಸ್‌ನಂಥ ಕೆಲವಕ್ಕೆ ನಮ್ಮ ಕಾನೂನಿನ ರಕ್ಷಣೆ ಇದೆ.

ದುಡ್ಡು ಸಾಲದಿದ್ದರೆ ನಮ್ಮಮ್ಮನ ಹೊಲಿಗೆ ಡಬ್ಬಿ ಇನ್ನೂ ಅಟ್ಟದ ಮೇಲಿದೆ. ಹಳೆ ಅಂಗಿಯ ಗುಂಡಿಗಳಲ್ಲಿ ಚಿಪ್ಪಿನವು ನಾಲ್ಕಾರು ಸಿಗಬಹುದು. ಹಲ್ಲಿಗೆ ತಾಗಿಸಿ ನೋಡು. ಚಿಪ್ಪು ತಣ್ಣಗಿರುತ್ತದೆ, ಸಣ್ಣಗೆ ಜರಜರ ಅನ್ನುತ್ತದೆ. ಪ್ಲಾಸ್ಟಿಕ್ ನುಣುಪಾಗಿ, ಬೆಚ್ಚಗೆ ಹತ್ತುತ್ತದೆ. ನಗಬೇಡ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಕೂತು ಮನೆಯಲ್ಲೇ ಗಿಟಾರು ಮಾಡಲು ಶುರುಮಾಡಿದಾಗ ಕತ್ತಿಗೆ ಹಾಕಿದ್ದು ಹಳೇ ಬೆಂಕಿಗೂಡಿನ ಚೌಕಟ್ಟಿನ ಮರ. ಅದರಲ್ಲಿ ಹುಳು ತಿಂದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದ. ಗುರುತಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿ. ಆ ಗಿಟಾರನ್ನು ಇವತ್ತಿಗೂ ನುಡಿಸುತ್ತಾನೆ. ಗುಂಡಿಗೆ ಗುಂಡಿ ಕೂರಿಸುವುದಕ್ಕೂ ಗುಂಡಿಗೆ ಬೇಕು, ಮತ್ತೇನು.

ಈಗ ಕಿವಿ ಕೊಟ್ಟು ಕೇಳು. ಇಡೀ ಕೆಲಸದ ಗುಟ್ಟು ಇಲ್ಲಿದೆ. ಚಿತ್ರ ನೋಡಿ ಗುಂಡಿ ತೋಡಬೇಡ, ತುಂಡು ನೋಡಿ ತೋಡು. ನೀನು ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಬರೆದಿರು, ಗರಗಸ ತನ್ನ ಬುದ್ಧಿ ತೋರಿಸಿಯೇ ತೋರಿಸುತ್ತದೆ. ಕೊಕ್ಕು ಒಂದು ಕೂದಲು ದಪ್ಪ, ಬಾಲ ಒಂದು ಕೂದಲು ಗಿಡ್ಡ ಆಗೇ ಆಗುತ್ತದೆ. ಆಗಲಿ ಬಿಡು, ಅದು ಯಾರಿಗೂ ಕಾಣದು. ಮೊದಲು ತುಂಡು ಕತ್ತರಿಸಿ, ಅರದಿಂದ ಅಂಚು ತಿದ್ದಿ ಮುಗಿಸು. ಮುಗಿದ ತುಂಡನ್ನೇ ಬೋರ್ಡಿನ ಮೇಲೆ ಒಂದು ಹನಿ ಅಂಟಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಸುತ್ತ ಸೂಜಿಮೊನೆಯಿಂದ ಗೀಚು. ಸೂಜಿ ತುಂಡಿನ ಅಂಚಿಗೆ ಅಂಟಿಕೊಂಡೇ ಹೋಗಲಿ, ಹೊರಗೆ ವಾಲದಿರಲಿ. ತುಂಡು ತೆಗೆದು ಗೀಟಿಗೆ ಸೀಮೆಸುಣ್ಣದ ಪುಡಿ ಉಜ್ಜು. ಬೀಟೆಯ ಕಪ್ಪಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಆ ಬಿಳಿಯ ಒಳಗಡೆ ತೋಡು, ಬಿಳಿಯನ್ನು ಕೊನೆಗೆ ಉಳಿಯಿಂದ ತೆಗಿ. ಗುಂಡಿಯನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು.

ಕತ್ತರಿಸುವಾಗ ಅಕ್ಕಸಾಲಿಗರ ಗರಗಸವೇ ಬೇಕು. ಬ್ಲೇಡಿನ ಹಲ್ಲು ಕೆಳಮುಖ, ಕತ್ತರಿಸುವುದು ಕೆಳಗೆ ಎಳೆಯುವಾಗ. ಮೇಜಿನ ಅಂಚಿಗೆ ಒಂದು ಹಲಗೆ ಬಿಗಿದು, ಅದರ ತುದಿಯಲ್ಲಿ ಹಕ್ಕಿ ಬಾಯಿ ತೆರೆದ ಹಾಗೆ ಕಚ್ಚು ಮಾಡಿಕೊ. ಚಿಪ್ಪು ಆ ಬಾಯಿಯ ಎರಡೂ ದವಡೆಯ ಮೇಲೆ ಕೂತಿರಲಿ. ಗರಗಸ ನಿಂತಲ್ಲೇ ಮೇಲೆ ಕೆಳಗೆ ಆಡಲಿ, ತಿರುಗಬೇಕಾದ್ದು ಚಿಪ್ಪು. ನೀನು ಹೋದ ಸಲ ಗರಗಸವನ್ನೇ ತಿರುಗಿಸುತ್ತಿದ್ದೆ, ಅದಕ್ಕೇ ಅರ್ಧ ಗಂಟೆಯಲ್ಲಿ ಐದು ಬ್ಲೇಡು ಮುರಿದೆ. ಗರಗಸ ಒಂಚೂರು ವಾಲಿದರೂ ತುಂಡಿನ ಮೇಲ್ಮುಖವೇ ಒಂದು, ಕೆಳಮುಖವೇ ಇನ್ನೊಂದು ಆಗುತ್ತದೆ. ಕೂರಿಸುವಾಗ ಬಿಗಿಯಾಗಿಯೇ ಇರುತ್ತದೆ, ಉಜ್ಜಿದಮೇಲೆ ಸಂದು ಬಾಯಿ ಬಿಡುತ್ತದೆ.

ಚಿಪ್ಪಿಗೂ ಎಳೆ ಇದೆ ಅಂದರೆ ನೀನು ನಂಬಲಿಕ್ಕಿಲ್ಲ. ಕಿಟಕಿಯ ಬಳಿ ಹಿಡಿದು ಮೆಲ್ಲಗೆ ತಿರುಗಿಸು. ಒಂದು ಕಡೆಯಿಂದ ಥಳಥಳ ಅನ್ನುವುದು ಇನ್ನೊಂದು ಕಡೆಯಿಂದ ಮಂಕಾಗಿ ಹಾಲಿನ ಹಾಗೆ ಕಾಣುತ್ತದೆ. ಎರಡೂ ರೆಕ್ಕೆಯ ಹೊಳಪು ಒಂದೇ ದಿಕ್ಕಿಗೆ ಬರುವಂತೆ ಚಿತ್ರ ಅಂಟಿಸು. ಇಲ್ಲದಿದ್ದರೆ ವೇದಿಕೆಯ ದೀಪದಲ್ಲಿ ಒಂದು ರೆಕ್ಕೆ ಹೊತ್ತಿ ಉರಿದು, ಇನ್ನೊಂದು ನಂದಿರುತ್ತದೆ.

ಮುಖಕ್ಕೆ ಮಾಸ್ಕ್ ಹಾಕು. ಇದರಲ್ಲಿ ವಾದ ಬೇಡ. ಚಿಪ್ಪಿನ ಪುಡಿಯೂ ಬೀಟೆಯ ಪುಡಿಯೂ ಎದೆಗೆ ಒಳ್ಳೆಯದಲ್ಲ. ಬೀಟೆ ಕೆಲವರ ಚರ್ಮಕ್ಕೂ ಆಗದು, ತುರಿಕೆ ಬರುತ್ತದೆ. ನಾವು ಯಾರೂ ಆಗ ಮುಖಕ್ಕೆ ಬಟ್ಟೆ ಕೂಡ ಕಟ್ಟಲಿಲ್ಲ. ರಾತ್ರಿ ನನ್ನ ಕೆಮ್ಮಿಗೆ ನೀನು ಎದ್ದು ಕೂತದ್ದು ನಿನಗೇ ನೆನಪಿರಬೇಕು. ಚಿಪ್ಪು ಕುಯ್ಯುವಾಗ ಆಗಾಗ ಒಂದು ಹನಿ ನೀರು ಬಿಟ್ಟರೆ ಪುಡಿ ಹಾರುವುದಿಲ್ಲ.

ಗುಂಡಿಯ ಆಳ ಚಿಪ್ಪಿನ ದಪ್ಪಕ್ಕಿಂತ ಒಂದು ಕೂದಲು ಕಡಿಮೆ ಇರಲಿ. 1.3ರ ಚಿಪ್ಪಿಗೆ 1.2 ಸಾಕು. ಕೂರಿಸಿ ನೋಡುವಾಗ ಹೆಬ್ಬೆರಳಿನಿಂದ ಒತ್ತಿ ತುರುಕಬೇಡ, ಹಕ್ಕಿಯ ಕತ್ತಿನ ಹತ್ತಿರ ಪಟಕ್ಕನೆ ಮುರಿಯುತ್ತದೆ. ಎಲ್ಲಿ ಹಿಡಿಯುತ್ತಿದೆ ಅಂತ ನೋಡಿ, ಅಲ್ಲಿ ಮಾತ್ರ ಉಳಿ ಮುಟ್ಟಿಸು. ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತಗೊ, ಐದು ನಿಮಿಷದ್ದು ಬೇಡ. ಬೋರ್ಡು ಉಜ್ಜಿದ ಬೀಟೆ ಪುಡಿಯನ್ನೇ ಅದಕ್ಕೆ ಕಲಸು. ಪುಡಿ ಕಲಸಿದ ಅಂಟು ಒಣಗಿದಾಗ ಮರಕ್ಕಿಂತ ಕಪ್ಪಗಾಗುತ್ತದೆ, ಅಷ್ಟು ಮಟ್ಟಿಗೆ ಸಂದು ತೋರಿಸಿಕೊಡುತ್ತದೆ. ಕರಿಮರದ ಬೋರ್ಡಾಗಿದ್ದರೆ ಎಲ್ಲ ಪಾಪವೂ ಮುಚ್ಚಿಹೋಗುತ್ತಿತ್ತು. ಮೇಪಲ್ ಆಗಿದ್ದರೆ ಒಂದೂ ಮುಚ್ಚುತ್ತಿರಲಿಲ್ಲ. ಬೀಟೆ ಅರ್ಧ ಮುಚ್ಚಿ ಅರ್ಧ ಹೇಳುತ್ತದೆ, ಅತ್ತೆಯ ಹಾಗೆ.

ಅಂಟು ಸುತ್ತಲೂ ಉಕ್ಕಿ ಬರುವಷ್ಟು ಹಾಕಿ, ಮೇಲೆ ಮೇಣದ ಕಾಗದ, ಅದರ ಮೇಲೆ ಮರದ ತುಂಡು ಇಟ್ಟು ಕ್ಲ್ಯಾಂಪ್ ಬಿಗಿ. ಆಮೇಲೆ ಒಂದು ದಿನ ಪೂರ್ತಿ ಅದರ ತಂಟೆಗೆ ಹೋಗಬೇಡ. ನಿನ್ನ ಕಷ್ಟ ಇರುವುದು ಇಲ್ಲೇ ಅಂತ ನನಗೆ ಗೊತ್ತು. ಉಜ್ಜುವಾಗ ಬರಿಗೈಯಲ್ಲಿ ಸ್ಯಾಂಡ್‌ಪೇಪರ್ ಹಿಡಿಯಬೇಡ, ನಿನ್ನ ಉಬ್ಬಿಗೆ ತಕ್ಕ ತಗ್ಗಿರುವ ಮರದ ದಿಮ್ಮಿಗೆ ಸುತ್ತಿಕೊ. ಚಿಪ್ಪಿಗಿಂತ ಮರ ಮೆತ್ತಗೆ. ಬರಿಬೆರಳಲ್ಲಿ ಉಜ್ಜಿದರೆ ಸುತ್ತಲ ಮರ ಸವೆದು ಹಕ್ಕಿ ದಿಬ್ಬದ ಮೇಲೆ ನಿಲ್ಲುತ್ತದೆ. 120ರಿಂದ ಶುರುಮಾಡಿ 180, 240, 320, 400 ಅಂತ ಹೋಗು, ಒಂದನ್ನೂ ಹಾರಿಸಬೇಡ. ಬಿಸಿ ಏರಿದರೆ ಎಪಾಕ್ಸಿ ಮೆತ್ತಗಾಗುತ್ತದೆ, ನಡುನಡುವೆ ಕೈ ನಿಲ್ಲಿಸು. ಗರಿಯ ಗೆರೆಗಳನ್ನು ಎಲ್ಲ ಉಜ್ಜಿ ಮುಗಿದಮೇಲೆ ಕೊರೆದು, ಕಪ್ಪು ತುಂಬು. ಮೊದಲೇ ಕೊರೆದರೆ ಉಜ್ಜುವಾಗ ಅಳಿಸಿಹೋಗುತ್ತವೆ.

ಫ್ರೆಟ್ ಕೂರುವ ಸೀಳುಗಳನ್ನು ಇನ್‌ಲೇಗಿಂತ ಮೊದಲೇ ಕೊಯ್ದುಕೊಂಡಿರು, ಫ್ರೆಟ್ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ. ಅಂಟು ಸೀಳಿಗೆ ಇಳಿದಿದ್ದರೆ ಅದೇ ಗರಗಸ ಇನ್ನೊಮ್ಮೆ ಆಡಿಸಿದರೆ ಆಯಿತು.

ರೆಕ್ಕೆ ಹೋದ ಹಳೆ ಬೋರ್ಡನ್ನು ಬಿಸಾಡಿಲ್ಲ ತಾನೆ? ಬರುವಾಗ ಅದನ್ನೂ ತಾ. ಅದು ಈಗಾಗಲೇ ಉಬ್ಬಿದೆ, ಮಿಕ್ಕ ಮನೆಗಳೆಲ್ಲ ಖಾಲಿ ಇವೆ. ಹೊಸದಕ್ಕೆ ಕೈ ಹಾಕುವ ಮುಂಚೆ 3ನೇ ಮನೆಯಲ್ಲಿ ಒಂದು ಮಲ್ಲಿಗೆ ಮೊಗ್ಗು, 21ರಲ್ಲಿ ಇನ್ನೊಂದು ಕೂರಿಸಿ ನೋಡು. ನಾನು ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತಿರುತ್ತೇನೆ. ಬ್ಲೇಡು ಮಾತ್ರ ಮೂರು ಡಜನ್ ತಗೊಂಡು ಬಾ. ನನ್ನ ಡಬ್ಬಿಯಲ್ಲಿ ಉಳಿದಿರುವುದು ನಾಲ್ಕು, ಅವನ್ನು ನಿನಗೆ ಕೊಡುವುದಿಲ್ಲ.